500 ಅಡಿ-ಪೌಂಡ್ ಶಕ್ತಿಯ ಏರ್ ರೈಫಲ್ ಕೊಂಡಿದ್ದೇನೆ. ಹಂದಿ ಬೇಟೆಗೆ ಇದು ಸಾಕೇ?

ಪ್ರಶ್ನೆ: ಟೆಕ್ಸಾಸ್‌ನ ಆಸ್ಟಿನ್ ಬಳಿ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಸಹೋದ್ಯೋಗಿಯೊಬ್ಬರ ಜಮೀನಿನಲ್ಲಿ ಕಾಡುಹಂದಿಗಳ ಕಾಟ ವಿಪರೀತವಾಗಿದ್ದು, ಬೇಟೆಗೆ ಬರುವಂತೆ ಕರೆದಿದ್ದಾರೆ. ವೀಸಾದ ಮೇಲಿರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಗೆಳೆಯರು ಹೇಳಿದ್ದರಿಂದ .45 ಬೋರಿನ, ಅಂದರೆ ನಳಿಕೆಯ ಒಳವ್ಯಾಸ .45 ಅಂಗುಲದ, ಏರ್ ರೈಫಲ್ ಒಂದನ್ನು ಕೊಂಡೆ. 500 ಅಡಿ-ಪೌಂಡ್ ಶಕ್ತಿ ಎಂದು ತಯಾರಕರು ಹೇಳುತ್ತಾರೆ. ಆದರೆ 50 ಗಜದಲ್ಲಿ ಪರೀಕ್ಷಿಸಿದಾಗ ಮೊದಲ ಎರಡು ಗುಂಡು ಗುರಿಯಲ್ಲಿ ಬಿದ್ದು, ನಾಲ್ಕನೆಯದು ಮೂರು ಬೆರಳಿನಷ್ಟು ಕೆಳಗೆ ಬೀಳುತ್ತದೆ. ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ನೋಡಿದೆ, ಮೊದಲ ಗುಂಡೇ ಕೆಳಗೆ ಬಿತ್ತು. ರೈಫಲ್ ಕೆಟ್ಟಿದೆಯೇ? ಎಷ್ಟು ದೂರದಿಂದ ಹಂದಿಗೆ ಹೊಡೆಯಬಹುದು? ಸಕಲೇಶಪುರದ ಹತ್ತಿರ ನಮ್ಮ ಅಣ್ಣನ ಕಾಫಿ ತೋಟಕ್ಕೂ ಹಂದಿ ನುಗ್ಗುತ್ತದೆ. ಇದನ್ನು ಊರಿಗೆ ಕೊಂಡೊಯ್ಯಬಹುದೇ?

ಉತ್ತರ: ನಿಮ್ಮ ರೈಫಲ್ ಕೆಟ್ಟಿಲ್ಲ. ನೀವು ಹೇಳಿದ ಎರಡೂ ಲಕ್ಷಣಗಳು ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದನ್ನೇ ತೋರಿಸುತ್ತವೆ. ಇಂಥ ರೈಫಲ್‌ಗಳನ್ನು ದುರಸ್ತಿ ಮಾಡುವುದು, ಹೊಸಬರಿಗೆ ಗುರಿ ಹಿಡಿಯಲು ಕಲಿಸುವುದು ನನ್ನ ಕಸುಬು. 'ಕೆಟ್ಟಿದೆ' ಎಂದು ನನ್ನ ಮೇಜಿಗೆ ಬರುವ ದೊಡ್ಡ ಬೋರಿನ ರೈಫಲ್‌ಗಳ ಪೈಕಿ ಹೆಚ್ಚಿನವುಗಳ ದೂರು ಇದೇ. ಆದರೂ ಈಗಿರುವ ಸ್ಥಿತಿಯಲ್ಲಿ ಅದನ್ನು ಹಿಡಿದು ಹಂದಿಯ ಮುಂದೆ ನಿಲ್ಲಬೇಡಿ. ಏಕೆಂದು ಕೆಳಗೆ ವಿವರಿಸುತ್ತೇನೆ.

ಮೊದಲು ಕಾನೂನು, ಏಕೆಂದರೆ ನೀವು ಈ ರೈಫಲ್ ಕೊಂಡಿದ್ದೇ ಒಂದು ಅರ್ಧಸತ್ಯವನ್ನು ನಂಬಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳಬಾರದೆಂಬ ನಿಷೇಧ ಇರುವುದು ನಿಜ. ಅದಕ್ಕೆ ವಿನಾಯಿತಿಗಳೂ ಇವೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಆ ನಿಷೇಧ ಅನ್ವಯಿಸುವುದಿಲ್ಲ. ಇನ್ನು ಏರ್ ರೈಫಲ್ ಫೆಡರಲ್ ಕಾನೂನಿನ ಕಣ್ಣಿನಲ್ಲಿ ಬಂದೂಕೇ ಅಲ್ಲ. ಸ್ಫೋಟಕದ ಬಲದಿಂದ ಗುಂಡು ಹಾರಿಸುವುದು ಮಾತ್ರ ಅಲ್ಲಿ ಬಂದೂಕು, ನಿಮ್ಮದರಲ್ಲಿ ಇರುವುದು ಬರೀ ಒತ್ತಿಟ್ಟ ಗಾಳಿ. ಹೀಗಾಗಿ ಖರೀದಿಯಲ್ಲಿ ತಪ್ಪಿಲ್ಲ. ಆದರೆ 'ಬಂದೂಕಲ್ಲ, ಆದ್ದರಿಂದ ನಿಯಮವಿಲ್ಲ' ಎಂದು ತಿಳಿದರೆ ಅಪಾಯಕ್ಕೆ ಸಿಲುಕುತ್ತೀರಿ. ನ್ಯೂಜೆರ್ಸಿಯಂಥ ರಾಜ್ಯಗಳು ಏರ್ ರೈಫಲನ್ನೂ ಬಂದೂಕಿನ ಸಾಲಿಗೇ ಸೇರಿಸುತ್ತವೆ. ಟೆಕ್ಸಾಸ್‌ನಲ್ಲಿಯೂ ನಗರದ ಎಲ್ಲೆಯೊಳಗೆ ಏರ್ ಗನ್ ಹಾರಿಸುವುದನ್ನು ಸ್ಥಳೀಯ ಆಡಳಿತಗಳು ನಿಷೇಧಿಸಿರುವುದುಂಟು, ಆದ್ದರಿಂದ ಹಿತ್ತಲಿನಲ್ಲಿ ಪರೀಕ್ಷೆ ಬೇಡ. ನಳಿಕೆಯ ತುದಿಗೆ ತಿರುಗಿಸಿ ಹಾಕುವ ಸೈಲೆನ್ಸರ್ ಕೊಳ್ಳುವ ಮನಸ್ಸಿದ್ದರೆ ಅದನ್ನೂ ಬಿಡಿ. ಅದು ನಿಜವಾದ ಬಂದೂಕಿಗೂ ಕೂರುವಂತಿದ್ದರೆ ಬೇರೆಯೇ ಕಠಿಣ ಕಾನೂನಿನ ತೊಡಕು ಎದುರಾಗುತ್ತದೆ. ವೀಸಾದ ಮೇಲಿರುವವರಿಗೆ ಸಣ್ಣ ಪ್ರಕರಣವೂ ದೊಡ್ಡದೇ.

ಹಂದಿಯ ವಿಷಯದಲ್ಲಿ ಟೆಕ್ಸಾಸ್ ಉದಾರಿ. ಅಲ್ಲಿ ಕಾಡುಹಂದಿ ಹೊರಗಿನಿಂದ ಬಂದ ಉಪದ್ರವಿ ಪ್ರಾಣಿ. 2019ರಿಂದ, ಮಾಲೀಕರ ಒಪ್ಪಿಗೆ ಇದ್ದರೆ ಖಾಸಗಿ ಜಮೀನಿನಲ್ಲಿ ಹಂದಿ ಬೇಟೆಗೆ ಪರವಾನಗಿಯೂ ಬೇಡ. ಜಿಂಕೆಯ ಮಾತು ಬೇರೆ. ಜಿಂಕೆಗೆ ಪರವಾನಗಿ ಬೇಕು, ಋತು ನೋಡಬೇಕು, ರೈಫಲ್‌ಗೂ ಕನಿಷ್ಠ ಮಟ್ಟವಿದೆ: ಮೊದಲೇ ಗಾಳಿ ತುಂಬುವ ಪಿಸಿಪಿ ಮಾದರಿಯೇ ಆಗಬೇಕು, ಗುಂಡಿನ ವ್ಯಾಸ .30 ಅಂಗುಲಕ್ಕೆ ಕಡಿಮೆ ಇರಬಾರದು, ಮತ್ತು 150 ಗ್ರೇನ್ (ಸುಮಾರು 9.7 ಗ್ರಾಂ) ತೂಕದ ಗುಂಡು ಸೆಕೆಂಡಿಗೆ 800 ಅಡಿ ವೇಗದಲ್ಲಿ ಹೊರಡಬೇಕು ಅಥವಾ ಶಕ್ತಿ ಕನಿಷ್ಠ 215 ಅಡಿ-ಪೌಂಡ್ ಇರಬೇಕು. ಹಂದಿಗೆ ಈ ಲೆಕ್ಕ ಕೇಳುವವರಿಲ್ಲದಿದ್ದರೂ ನೀವೇ ಇಟ್ಟುಕೊಳ್ಳುವುದು ಒಳ್ಳೆಯದು. ಪರವಾನಗಿ ಬೇಡ ಎಂದ ಮಾತ್ರಕ್ಕೆ ಆ ಪ್ರಾಣಿ ನರಳಿ ಸಾಯಬಹುದು ಎಂದರ್ಥವಲ್ಲ.

ಈಗ ರೈಫಲ್. ಗಾಳಿಯಿಂದ ದೊಡ್ಡ ಪ್ರಾಣಿಯನ್ನು ಹೊಡೆಯುವುದು ನಿನ್ನೆ ಮೊನ್ನೆಯ ಹುಚ್ಚಲ್ಲ. 1780ರ ಸುಮಾರಿಗೆ ಆಸ್ಟ್ರಿಯಾದ ಸೈನ್ಯ ಜಿರಾರ್ಡೋನಿ ಎಂಬ ಏರ್ ರೈಫಲನ್ನು ಬಳಸುತ್ತಿತ್ತು. ಅದರ ಬೋರು ಹೆಚ್ಚುಕಡಿಮೆ ನಿಮ್ಮದರಷ್ಟೇ. ಅಮೆರಿಕದ ಪಶ್ಚಿಮವನ್ನು ಅರಸಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ ಏರ್ ರೈಫಲ್ ಒಂದನ್ನು ಜೊತೆಗೆ ಒಯ್ದಿತ್ತು. ಅಂದಿಗೂ ಇಂದಿಗೂ ತತ್ವ ಒಂದೇ. ಇಂದಿನ ರೈಫಲ್‌ನ ಸಿಲಿಂಡರಿನಲ್ಲಿ 200 ಬಾರ್ ಆಸುಪಾಸಿನ ಒತ್ತಡದಲ್ಲಿ ಗಾಳಿ ಇರುತ್ತದೆ. ಕುದುರೆ (ಟ್ರಿಗರ್) ಎಳೆದಾಗ ಒಳಗಿನ ಸುತ್ತಿಗೆ ಸ್ಪ್ರಿಂಗ್ ಬಲದಿಂದ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ವಾಲ್ವ್ ಕ್ಷಣಕಾಲ ತೆರೆದು, ನುಗ್ಗಿದ ಗಾಳಿ ಗುಂಡನ್ನು ದೂಡುತ್ತದೆ. ಕಾರಿನ ಟೈರಿನಲ್ಲಿ ಎರಡು ಬಾರ್‌ಗಿಂತ ತುಸು ಹೆಚ್ಚು ಒತ್ತಡ ಇರುತ್ತದೆ ಎಂದು ನೆನೆದರೆ 200 ಎಷ್ಟೆಂದು ತಿಳಿಯುತ್ತದೆ. ಆದರೆ ಮದ್ದಿನ ಬಂದೂಕಿನ ಮುಂದೆ ಅದು ಅಲ್ಪ. ಸಾಮಾನ್ಯ .22 ತೋಟೆ ಸಿಡಿದಾಗಲೇ 1,600 ಬಾರ್ ಮುಟ್ಟುತ್ತದೆ. ಆದ್ದರಿಂದ ಏರ್ ರೈಫಲ್ ವೇಗದಲ್ಲಿ ಗೆಲ್ಲಲಾರದು. ಉದ್ದ ನಳಿಕೆಯಲ್ಲಿ ಭಾರದ ಗುಂಡನ್ನು ನಿಧಾನವಾಗಿ ದೂಡಿಯೇ ಅದು ಶಕ್ತಿ ಗಳಿಸಬೇಕು. 350 ಗ್ರೇನ್, ಅಂದರೆ ಸುಮಾರು 22.7 ಗ್ರಾಂ ಸೀಸ, ಸೆಕೆಂಡಿಗೆ 800 ಅಡಿ ವೇಗದಲ್ಲಿ ಹೊರಟರೆ ಸುಮಾರು 500 ಅಡಿ-ಪೌಂಡ್ ಆಗುತ್ತದೆ. ತಯಾರಕರು ಹೇಳುವುದು ಸುಳ್ಳಲ್ಲ. ಆದರೆ ಆ ಅಂಕಿ ಇಂಥ ಭಾರದ ಗುಂಡಿಗೆ, ಸಿಲಿಂಡರ್ ತುಂಬಿದ ಮೊದಲ ಹೊಡೆತಕ್ಕೆ ಸೇರಿದ್ದು.

ಎರಡನೆಯ ಹೊಡೆತಕ್ಕೆ ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾಗಿರುತ್ತದೆ, ಮೂರನೆಯದಕ್ಕೆ ಇನ್ನೂ ಕಡಿಮೆ. ಸಣ್ಣ .177 ರೈಫಲ್ ಒಂದು ಸಲ ತುಂಬಿದರೆ ಹತ್ತಾರು ಗುಂಡು ಹಾರಿಸುತ್ತದೆ. ಅದು ಪ್ರತಿ ಸಲ ಚಿಟಿಕೆಯಷ್ಟು ಗಾಳಿ ಖರ್ಚು ಮಾಡುತ್ತದೆ. ನಿಮ್ಮದು ಬೊಗಸೆ ಬೊಗಸೆಯಾಗಿ ಸುರಿಯುತ್ತದೆ. ಮೊದಲ ಗುಂಡು 800 ಅಡಿ ವೇಗದಲ್ಲಿ ಹೊರಟು ನಾಲ್ಕನೆಯದು 710ಕ್ಕೆ ಇಳಿದರೆ ಶಕ್ತಿ 500ರಿಂದ 390ರ ಆಸುಪಾಸಿಗೆ ಬರುತ್ತದೆ, 50 ಗಜದಲ್ಲಿ ಗುಂಡು ಸುಮಾರು ಐದು ಸೆಂ.ಮೀ. ಕೆಳಗೆ ಬೀಳುತ್ತದೆ. ನಿಮ್ಮ ಮೂರು ಬೆರಳು ಅದೇ. 75 ಗಜದಲ್ಲಿ ಇದೇ ವ್ಯತ್ಯಾಸ 11 ಸೆಂ.ಮೀ. ಆಗುತ್ತದೆ.

ಹೆಚ್ಚು ಗಾಳಿ ತುಂಬಿದಾಗ ಮೊದಲ ಗುಂಡೇ ಕೆಳಗೆ ಬಿದ್ದದ್ದೇಕೆ? ವಾಲ್ವ್ ಹಿಂದಿನ ಒತ್ತಡ ಮಿತಿ ಮೀರಿದಾಗ ಸುತ್ತಿಗೆಯ ಪೆಟ್ಟಿಗೆ ಅದನ್ನು ಪೂರ್ತಿ ತೆರೆಯುವ ಬಲ ಸಾಲದು. ಅರೆಬರೆ ತೆರೆದ ವಾಲ್ವ್ ತಕ್ಷಣ ಮುಚ್ಚಿಕೊಳ್ಳುತ್ತದೆ, ಗುಂಡಿಗೆ ದಕ್ಕುವ ಗಾಳಿ ಕಡಿಮೆಯಾಗುತ್ತದೆ. ಹೆಚ್ಚು ತುಂಬಿದರೆ ಹೆಚ್ಚು ಶಕ್ತಿ ಎಂಬುದು ಈ ರೈಫಲ್‌ಗಳ ಬಗ್ಗೆ ನಾನು ಕೇಳುವ ಅತ್ಯಂತ ಹಠಮಾರಿ ನಂಬಿಕೆ. ಅದರಿಂದ ವೇಗ ಬೀಳುತ್ತದೆ, ಸೀಲುಗಳು ಹಾಳಾಗುತ್ತವೆ, ಸಿಲಿಂಡರಿನ ಮಿತಿ ದಾಟಿದರೆ ಜೀವಕ್ಕೇ ಅಪಾಯ. ತಯಾರಕರು ಬರೆದಿರುವ ಗರಿಷ್ಠ ಒತ್ತಡವನ್ನು ಇನ್ನೊಮ್ಮೆ ಮೀರಬೇಡಿ.

ನಿಮ್ಮ ರೈಫಲ್‌ಗೆ ಅದರದೇ ಆದ ಒಂದು ಸಮತಟ್ಟಿನ ಒತ್ತಡ ಇರುತ್ತದೆ. ಆ ಮಟ್ಟಕ್ಕೆ ತುಂಬಿದರೆ ಎರಡು, ಅದೃಷ್ಟವಿದ್ದರೆ ಮೂರು ಹೊಡೆತ ಒಂದೇ ವೇಗದಲ್ಲಿ ಬರುತ್ತವೆ. ಅದನ್ನು ಕಂಡುಹಿಡಿಯುವುದೇ ಪರೀಕ್ಷೆ. ಅದಕ್ಕೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಬೇಕೇ ಬೇಕು. ಇಷ್ಟು ದುಡ್ಡು ಕೊಟ್ಟು ರೈಫಲ್ ಕೊಂಡವರು ಅದನ್ನು ಕೊಳ್ಳಲು ಹಿಂದೆಮುಂದೆ ನೋಡುವುದು ನನಗೆ ಎಂದಿಗೂ ಅರ್ಥವಾಗಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಗರಿಷ್ಠ ಒತ್ತಡಕ್ಕೆ ತುಂಬಿ, ನಾಲ್ಕು ಗುಂಡು ಹಾರಿಸಿ, ಪ್ರತಿಯೊಂದರ ಮುಂದೆ ವೇಗವನ್ನೂ ಮಾಪಕದ ಒತ್ತಡವನ್ನೂ ಬರೆಯಿರಿ. ಮುಂದಿನ ಸಲ ಹತ್ತು ಬಾರ್ ಕಡಿಮೆ ತುಂಬಿ, ಅದರ ಮುಂದಿನ ಸಲ ಇನ್ನೂ ಹತ್ತು. ಹೀಗೆ ಮೂರು ನಾಲ್ಕು ಸುತ್ತು ಆದ ಮೇಲೆ ಪುಟವನ್ನು ನೋಡಿದರೆ ಸಾಕು, ಯಾವ ಒತ್ತಡದಲ್ಲಿ ಮೊದಲೆರಡು ಅಂಕಿಗಳು ಜೊತೆಜೊತೆಗೆ ನಿಂತಿವೆ ಎಂದು ಕಣ್ಣಿಗೆ ರಾಚುತ್ತದೆ. ಆ ಒತ್ತಡವೇ ನಿಮ್ಮದು. ಶಕ್ತಿ 500ರ ಬದಲು 450 ಬಂದರೂ ಚಿಂತೆ ಬೇಡ, ಆ ಐವತ್ತರ ವ್ಯತ್ಯಾಸ ಹಂದಿಗೆ ಗೊತ್ತಾಗುವುದಿಲ್ಲ.

ತುಂಬಿದ ತಕ್ಷಣ ಮಾಪಕ ನೋಡಬೇಡಿ. ಒತ್ತಿ ತುಂಬಿದ ಗಾಳಿ ಬಿಸಿಯಾಗಿರುತ್ತದೆ, ತಣಿದ ಮೇಲೆ ಮುಳ್ಳು ಇಳಿಯುತ್ತದೆ. ಹಾಗೆಯೇ ಮನೆಯೊಳಗೆ 25 ಡಿಗ್ರಿಯಲ್ಲಿ ತುಂಬಿ ಡಿಸೆಂಬರಿನ ಐದು ಡಿಗ್ರಿಯ ಬೆಳಗಿಗೆ ಒಯ್ದರೆ ಒತ್ತಡ ಸುಮಾರು ಶೇ 7ರಷ್ಟು ಬೀಳುತ್ತದೆ. ಬೇಟೆಗೆ ಹೋದಾಗ ಅಲ್ಲಿನ ಚಳಿಯಲ್ಲಿಯೇ ಮತ್ತೊಮ್ಮೆ ಸರಿಮಾಡಿಕೊಳ್ಳಿ.

ಒತ್ತಡ ಗೊತ್ತಾದ ಮೇಲೆ ಗುಂಡಿನ ಆಯ್ಕೆ. .457, .458 ಎಂದು ಒಂದೇ ಬೋರಿಗೆ ಬೇರೆ ಬೇರೆ ವ್ಯಾಸದ ಗುಂಡುಗಳು ಸಿಗುತ್ತವೆ. ಒಂದು ರೈಫಲ್ ಒಂದನ್ನು ಮೆಚ್ಚಿದರೆ ಇನ್ನೊಂದು ಅದನ್ನೇ ಚೆಲ್ಲಾಪಿಲ್ಲಿ ಎಸೆಯುತ್ತದೆ. ಮೆದು ಸೀಸದ್ದನ್ನೇ ಆರಿಸಿ. ಬೆರಕೆಯ ಗಟ್ಟಿ ಸೀಸ ಈ ವೇಗದಲ್ಲಿ ನಳಿಕೆಯ ಗೆರೆಗಳಿಗೆ ಸರಿಯಾಗಿ ಕಚ್ಚಿಕೊಳ್ಳದು. ಕೆಲವು ಗುಂಡುಗಳನ್ನು ತಕ್ಕಡಿಯಲ್ಲಿಟ್ಟು ತೂಗಿ. ಒಂದೇ ಡಬ್ಬಿಯೊಳಗೆ ಐದಾರು ಗ್ರೇನ್ ಹೆಚ್ಚುಕಡಿಮೆ ಕಂಡರೆ ಬೇರೆ ತಯಾರಿಕೆ ನೋಡಿ.

ಕೊನೆಯ ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ರೇಂಜಿಗೆ ಹೋಗಿ, ರೈಫಲ್ ತುಂಬಿ, ಒಂದೇ ಒಂದು ಗುಂಡು ಹಾರಿಸಿ, ಕಾಗದದ ಮೇಲೆ ತಾರೀಖು ಬರೆದು ಮನೆಗೆ ಬನ್ನಿ. ಇನ್ನೊಂದು ದಿನ ಅದೇ ಕಾಗದದ ಮೇಲೆ ಮತ್ತೊಂದು. ಬೇಟೆಯಲ್ಲಿ ನಿಮಗೆ ಸಿಗುವುದು ತಣ್ಣಗಿನ ನಳಿಕೆಯ ಆ ಮೊದಲ ಗುಂಡು ಮಾತ್ರ. ಬೇರೆ ಬೇರೆ ದಿನಗಳ ಮೊದಲ ಗುಂಡುಗಳು ಒಟ್ಟಿಗೆ ಎಷ್ಟು ಅಗಲದಲ್ಲಿ ಬಿದ್ದಿವೆಯೋ ಅದೇ ನಿಮ್ಮ ನಿಜವಾದ ಗುರಿ. ಒಂದು ಮಧ್ಯಾಹ್ನ ಬೆಂಚಿನ ಮೇಲೆ ಕುಳಿತು ಹೊಡೆದ ಚಂದದ ಗುಂಪಿನ ಚಿತ್ರ ತೆಗೆದು ಹಂಚುವುದರಿಂದ ಇದು ತಿಳಿಯುವುದಿಲ್ಲ.

ಪರೀಕ್ಷೆಯ ಜಾಗದಲ್ಲಿ ಎರಡು ವಿಷಯ ಮರೆಯಬೇಡಿ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು. ಈ ಗುಂಡು ಮೇಲ್ಮುಖವಾಗಿ ಹಾರಿದರೆ ಒಂದು ಕಿಲೋಮೀಟರು ದಾಟಿಯೂ ಬೀಳಬಲ್ಲದು. ಕಿವಿಗೆ ರಕ್ಷಣೆಯೂ ಬೇಕು. ಏರ್ ರೈಫಲ್ ಸದ್ದು ಮಾಡುವುದಿಲ್ಲ ಎಂಬ ಮಾತು ಸಣ್ಣ ಬೋರಿಗೆ ಸರಿ, ಇದಕ್ಕಲ್ಲ.

ದೂರದ ಪ್ರಶ್ನೆಗೆ ಬರೋಣ. 50 ಗಜಕ್ಕೆ ಜೀರೋ ಮಾಡಿದ, ಅಂದರೆ ಅಷ್ಟು ದೂರದಲ್ಲಿ ಗುಂಡು ಗುರಿಗೇ ಬೀಳುವಂತೆ ಹೊಂದಿಸಿದ, ನಿಮ್ಮ ರೈಫಲ್‌ನ ಗುಂಡು 75 ಗಜದಲ್ಲಿ ಸುಮಾರು 12 ಸೆಂ.ಮೀ., 100 ಗಜದಲ್ಲಿ ಸುಮಾರು 34 ಸೆಂ.ಮೀ. ಕೆಳಗಿರುತ್ತದೆ. 75 ಗಜ ಎಂದುಕೊಂಡದ್ದು 85 ಆಗಿದ್ದರೆ ಅಷ್ಟರಲ್ಲೇ ಇನ್ನೂ ಏಳೆಂಟು ಸೆಂ.ಮೀ. ಹೋಯಿತು. ಮಧ್ಯಮ ಗಾತ್ರದ ಹಂದಿಯ ಹೃದಯ-ಶ್ವಾಸಕೋಶದ ಜಾಗಕ್ಕೆ 15 ಸೆಂ.ಮೀ. ಅಗಲ ಎಂದು ಹಿಡಿದರೆ ತಪ್ಪಿಗೆ ಎಷ್ಟು ಎಡೆ ಉಳಿಯಿತು ಎಂದು ನೀವೇ ಲೆಕ್ಕ ಹಾಕಿ. ನನ್ನ ಸಲಹೆ ಸ್ಪಷ್ಟ: ಮೊದಲ ವರ್ಷ 50 ಗಜ ದಾಟಬೇಡಿ. ದೂರ ಅಳೆಯುವ ರೇಂಜ್‌ಫೈಂಡರ್ ಇಲ್ಲದೆ ಒಂದು ಗಜವನ್ನೂ ಊಹಿಸಬೇಡಿ.

ವೇಗದ ರೈಫಲ್ ಗುಂಡು ಸುತ್ತಲಿನ ಮಾಂಸವನ್ನೂ ಹರಿದು ಕೊಲ್ಲುತ್ತದೆ. ನಿಮ್ಮದು ಬಾಣದ ಹಾಗೆ, ತಾನು ತೂರಿಕೊಂಡು ಹೋದ ದಾರಿಯಲ್ಲಿ ಸಿಕ್ಕಿದ್ದನ್ನು ಮಾತ್ರ ಕೊಲ್ಲುತ್ತದೆ. ಆದ್ದರಿಂದ ಆ ದಾರಿ ಎಲ್ಲಿ ಹಾದುಹೋಗಬೇಕೆಂಬುದೇ ಮುಖ್ಯ. ಹಂದಿಯ ಹೃದಯ ಜಿಂಕೆಗಿಂತ ಮುಂದಕ್ಕೆ, ಕೆಳಕ್ಕೆ ಇರುತ್ತದೆ. ಜಿಂಕೆಗೆ ಹೊಡೆದ ಅಭ್ಯಾಸದಲ್ಲಿ ಭುಜದ ಹಿಂದೆ, ಮೈಯ ನಡುಮಟ್ಟಕ್ಕೆ ಹೊಡೆದವರ ಗುಂಡು ಹಿಂದಕ್ಕೆ ಹೋಗಿ ಹೊಟ್ಟೆ ಸೇರುತ್ತದೆ. ಪೂರ್ತಿ ಅಡ್ಡ ನಿಂತ ಹಂದಿಗೆ, ಮುಂಗಾಲಿನ ನೇರದಲ್ಲಿ, ಮೈಯ ಕೆಳಗಿನ ಮೂರನೆಯ ಒಂದು ಭಾಗದಲ್ಲಿ ಗುರಿ ಇರಲಿ. ಬಲಿತ ಗಂಡುಹಂದಿಯ ಭುಜದ ಮೇಲೆ ಚರ್ಮದಡಿ ಗಟ್ಟಿಯಾದ ದಪ್ಪ ಪದರವಿರುತ್ತದೆ. ಕಾದಾಟದಲ್ಲಿ ಎದುರಾಳಿಯ ಕೋರೆ ತಡೆಯಲು ಬೆಳೆದದ್ದು ಅದು. ಕೊಯ್ಯುವಾಗ ಚೂರಿ ಅದರ ಮೇಲೆ ಹಳೆಯ ಟೈರಿಗೆ ಸಿಕ್ಕಂತೆ ನಿಲ್ಲುವುದನ್ನು ನೋಡಿದ್ದೇನೆ. ಭಾರದ ಗುಂಡು ಸಮೀಪದಿಂದ ಅದನ್ನು ತೂರಬಲ್ಲದು, ಸೋತ ನಾಲ್ಕನೆಯ ಹೊಡೆತವನ್ನು ನಂಬಬೇಡಿ. ಅಂಥ ದೊಡ್ಡ ಗಂಡು ಓರೆಯಾಗಿ ನಿಂತಿದ್ದರೆ ಬಿಟ್ಟುಬಿಡಿ.

ಗುಂಡು ತಗುಲಿದ ಹಂದಿ ಓಡುತ್ತದೆ. ಸರಿಯಾಗಿ ತಗುಲಿದ್ದರೂ ಓಡುತ್ತದೆ. ಹಿಂದೆಯೇ ನುಗ್ಗಬೇಡಿ, ಅರ್ಧ ಗಂಟೆ ಕಾದು, ರೈಫಲ್ ಮತ್ತೆ ತುಂಬಿಕೊಂಡು, ಜಮೀನಿನವರ ಜೊತೆ ರಕ್ತದ ಜಾಡು ಹಿಡಿಯಿರಿ. ಪೊದೆಯೊಳಗೆ ಗಾಯಗೊಂಡು ಬಿದ್ದ ಹಂದಿ ಮನುಷ್ಯನ ತೊಡೆ ಸೀಳಬಲ್ಲದು. ಕೊಯ್ಯುವಾಗ ಕೈಗವಸು ಹಾಕಿ, ಏಕೆಂದರೆ ಇವುಗಳಿಂದ ಬ್ರುಸೆಲ್ಲೋಸಿಸ್ ರೋಗ ಹರಡುತ್ತದೆ. ಗುಂಡು ಹಾದ ದಾರಿಯ ಸುತ್ತಲಿನ ಮಾಂಸದಲ್ಲಿ ಸೀಸದ ಚೂರಿರಬಹುದು, ಅದನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಉಳಿದದ್ದನ್ನು ಒಳಗೆ 71 ಡಿಗ್ರಿ ಸೆಲ್ಸಿಯಸ್ ಆಗುವವರೆಗೆ ಬೇಯಿಸಿ.

ಹಾಗಾದರೆ ನಿಮಗಿರುವ ದಾರಿಗಳೇನು? ಇದೇ ರೈಫಲನ್ನು ಸರಿಯಾದ ಒತ್ತಡದಲ್ಲಿ, ಎರಡೇ ಹೊಡೆತಕ್ಕೆ ಸೀಮಿತ ಮಾಡಿ, 50 ಗಜದೊಳಗೆ ಬಳಸುವುದು ನಾನು ಮೆಚ್ಚುವ ದಾರಿ. ಎಷ್ಟೋ ದಿನ ಬರಿಗೈಯಲ್ಲಿ ಮರಳಬೇಕಾಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಒತ್ತಡವನ್ನು ಒಂದೇ ಮಟ್ಟದಲ್ಲಿ ಇಡುವ ರೆಗ್ಯುಲೇಟರ್ ಅಳವಡಿಸಿದರೆ ಹೊಡೆತಗಳು ಸಮನಾಗುತ್ತವೆ, ಆದರೆ ಬೇರೆಯವರಿಂದ ಹಾಕಿಸಿದರೆ ವಾರಂಟಿ ಹೋಗಬಹುದು, ಸೋರಿಕೆಗೆ ಇನ್ನೊಂದು ಜಾಗವೂ ಹುಟ್ಟುತ್ತದೆ. ಹಗುರ ಗುಂಡಿಗೆ ಬದಲಾದರೆ ಪಥ ಚಪ್ಪಟೆಯಾಗುತ್ತದೆ, ತೂರುವ ಬಲ ಕುಗ್ಗುತ್ತದೆ. ಹಂದಿಗೆ ನಾನು ಅದನ್ನು ಹೇಳಲಾರೆ. ಇನ್ನು ಜಮೀನಿನವರಿಗೆ ಬೇಕಿರುವುದು ಹಂದಿಗಳ ಸಂಖ್ಯೆ ಇಳಿಸುವುದಾದರೆ, ಅದು ಏರ್ ರೈಫಲ್‌ನ ಕೆಲಸವಲ್ಲ. ಇಡೀ ಗುಂಪನ್ನು ಹಿಡಿಯುವ ದೊಡ್ಡ ಬೋನು ಹೆಚ್ಚು ಪರಿಣಾಮಕಾರಿ. 100 ಗಜ ದಾಟಿದ ಹೊಡೆತವೇ ಬೇಕೆಂದಿದ್ದರೆ ಬೇಟೆ ಪರವಾನಗಿ ಪಡೆದು, ವೀಸಾ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕೇಳಿ, .308ರಂಥ ಮದ್ದಿನ ರೈಫಲ್ ಹಿಡಿಯುವುದು ಹಂದಿಗೂ ಮೇಲು.

ಗಾಳಿ ತುಂಬುವಾಗಿನ ಎಚ್ಚರಗಳು: ಗಾಳಿಯ ಬದಲು ಆಮ್ಲಜನಕ ಅಥವಾ ಬೇರೆ ಅನಿಲ ಎಂದಿಗೂ ಬೇಡ. ಹೆಚ್ಚಿನ ಒತ್ತಡದ ಭಾಗಗಳಿಗೆ ಪೆಟ್ರೋಲಿಯಂ ಎಣ್ಣೆಯನ್ನಾಗಲಿ ಗ್ರೀಸನ್ನಾಗಲಿ ಸವರಬೇಡಿ, ಅದು ಹೊತ್ತಿಕೊಂಡು ಸ್ಫೋಟಿಸಬಹುದು; ಶುದ್ಧ ಸಿಲಿಕೋನ್ ಗ್ರೀಸ್ ಮಾತ್ರ. ಕಾರ್ಬನ್ ಫೈಬರ್ ಟ್ಯಾಂಕ್ ಇದ್ದರೆ ಐದು ವರ್ಷಕ್ಕೊಮ್ಮೆ ಹೈಡ್ರೋ ಪರೀಕ್ಷೆ (ನೀರಿನ ಒತ್ತಡದಿಂದ ಟ್ಯಾಂಕಿನ ಬಲ ನೋಡುವುದು) ಮಾಡಿಸಿ, ಅದರ ಮೇಲಿನ ಆಯುಷ್ಯದ ದಿನಾಂಕ ಮುಗಿದರೆ ಕೈಬಿಡಿ. ರೈಫಲ್ ರಾತ್ರಿ ಕಳೆಯುವುದರೊಳಗೆ ಗಾಳಿ ಕಳೆದುಕೊಳ್ಳುತ್ತಿದ್ದರೆ, ಗುಂಡು ಹಾಕದೆ, ಸುತ್ತಿಗೆ ಎಳೆಯದೆ, ಸಂದುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಬಹುಪಾಲು ಒಂದು ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಸವೆದಿರುತ್ತದೆ. ಒತ್ತಡ ಪೂರ್ತಿ ಇಳಿಸದೆ ಒಂದು ಸ್ಕ್ರೂವನ್ನೂ ಬಿಚ್ಚಬೇಡಿ.

ಕೊನೆಗೆ ಊರಿನ ತೋಟ. ಇದಕ್ಕೆ ನನ್ನ ಉತ್ತರ ಬೇಡ ಎಂಬುದೇ. ಭಾರತದಲ್ಲಿ ಪರವಾನಗಿ ಬೇಡವೆಂಬ ರಿಯಾಯಿತಿ ಇರುವುದು 20 ಜೂಲ್ ಒಳಗಿನ, .177 ಬೋರಿನ ಏರ್ ರೈಫಲ್‌ಗಳಿಗೆ. ನಿಮ್ಮದು 670 ಜೂಲ್ ದಾಟುತ್ತದೆ. ಸಾಮಾನಿನ ಜೊತೆ ತಂದರೆ ವಿಮಾನ ನಿಲ್ದಾಣದಲ್ಲಿಯೇ ಕಸ್ಟಮ್ಸ್ ಮತ್ತು ಶಸ್ತ್ರಾಸ್ತ್ರ ಕಾಯ್ದೆ ಎರಡೂ ಕಾದಿರುತ್ತವೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ ಎನ್ನಬಹುದು. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ, ಸಕಲೇಶಪುರಕ್ಕಂತೂ ಅಲ್ಲ. ಟೆಕ್ಸಾಸ್‌ನ ಹಂದಿ ಹೊರಗಿನಿಂದ ಬಂದದ್ದು, ಮಲೆನಾಡಿನ ಕಾಡುಹಂದಿ ಅಲ್ಲಿಯದೇ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೇಟೆಯನ್ನು ನಿಷೇಧಿಸಿದೆ. ಬೆಳೆಗೆ ಅಪಾಯವಾದಾಗ ಅದೇ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ನೀಡಬಹುದು, ಅದಿಲ್ಲದೆ ಹಾರಿಸಿದರೆ ನಿಮ್ಮ ಅಣ್ಣ ಆರೋಪಿಯಾಗುತ್ತಾರೆ.

ಅವರಿಗೆ ನೀವು ಕಳುಹಿಸಬೇಕಾದದ್ದು ರೈಫಲ್ ಅಲ್ಲ, ಸೌರ ಬೇಲಿಗೆ ದುಡ್ಡು. ಹಾನಿಯಾದ ಬೆಳೆಯ ಚಿತ್ರ ತೆಗೆದು, ಪಹಣಿ ಜೊತೆಗಿಟ್ಟು ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಲು ಹೇಳಿ, ತಡಮಾಡದೆ. ಯಾರಾದರೂ ಉರುಳು ಹಾಕೋಣ, ಸಿಡಿಮದ್ದು ಇಡೋಣ, ಮನೆಯ ಲೈನಿನಿಂದ ನೇರ ಕರೆಂಟು ಕೊಟ್ಟು ತಂತಿ ಎಳೆಯೋಣ ಎಂದರೆ ಅವರು ಒಪ್ಪಬಾರದು. ಆನೆ ಓಡಾಡುವ ಸೀಮೆ ಅದು, ತೋಟದಲ್ಲಿ ಬೆಳಗಾಗುವ ಮುಂಚೆಯೇ ಆಳುಗಳು ನಡೆದಾಡುತ್ತಾರೆ, ಹಂದಿಗೆಂದು ಕಟ್ಟಿದ ತಂತಿಗೆ ಸಿಕ್ಕುವವರು ಅವರೂ ಆಗಬಹುದು.